ಐದನೇ ಅಂಗಡಿಯ ಸೀರೆ

ನಮ್ಮ ಕಾಂಪ್ಲೆಕ್ಸಿನಲ್ಲಿ ಯಾರಾದರೂ ಛತ್ರಿ ಮರೆತು ಹೋಗಿ ಹುಡುಕಿಕೊಂಡು ಬಂದರೆ, ಎಲ್ಲಿ ಮರೆತಿರಿ ಎಂದಷ್ಟೇ ಕೇಳಿ ನಾವು ಬಿಡುವುದಿಲ್ಲ. ನೆನಪಾಗಲು ಎಷ್ಟು ದಿನ ಹಿಡಿಯಿತು ಎಂದೂ ಕೇಳುತ್ತೇವೆ. ಎರಡನೇ ಅಂಗಡಿಯಲ್ಲಿ ಬಿಟ್ಟು, ಮೂರು ದಿನ ಅದರ ಗೊಡವೆಯೇ ಇಲ್ಲದೆ ಇದ್ದರೆ, ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಐದಕ್ಕೆ ಬರಬೇಕು, ಅಂದರೆ ನನ್ನ ಹತ್ತಿರ. ಬ್ಲೌಸ್ ಪೀಸುಗಳ ಮೇಲೆ ನಿಮ್ಮ ಛತ್ರಿ ಹಾಯಾಗಿ ಮಲಗಿರುತ್ತದೆ.

ಒಟ್ಟು ಒಂಬತ್ತು ಅಂಗಡಿ, ಒಂದೇ ಸಾಲು, ಮುಂದೆ ಉದ್ದಕ್ಕೆ ಒಂದು ಜಗಲಿ. ಇಲ್ಲಿ ಮರೆತ ಸಾಮಾನು ಮರುದಿನ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಪಕ್ಕದ ಅಂಗಡಿಯಲ್ಲಿರುತ್ತದೆ. ಅದರ ಮರುದಿನ ಅದಕ್ಕೂ ಪಕ್ಕದ್ದರಲ್ಲಿ. ಯಾವಾಗಲೂ ಒಂಬತ್ತರ ಕಡೆಗೇ, ಹಿಂದಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಬಿಟ್ಟವರು ಅದನ್ನು ನೆನೆಸಿಕೊಂಡ ದಿನ ಅದು ಇದ್ದಲ್ಲೇ ನಿಲ್ಲುತ್ತದೆ. ನೆನೆಸಿಕೊಳ್ಳದೆ ಹೋದರೆ ಒಂಬತ್ತನ್ನೂ ದಾಟುತ್ತದೆ. ಒಂಬತ್ತರ ಆಚೆ ಕಾಂಪೌಂಡು, ಕಾಂಪೌಂಡಿನ ಆಚೆ ಮೋರಿ, ಮೋರಿಯ ಆಚೆ ಒಂದು ಹುಣಸೆಮರ. ಅಲ್ಲೆಲ್ಲ ನಾವು ಹುಡುಕಿ ನೋಡಿದ್ದೇವೆ. ಏನೂ ಇರುವುದಿಲ್ಲ.

ಇದನ್ನು ಕಟ್ಟಿಸಿದವನು ಕಂಟ್ರಾಕ್ಟರ್ ದುಗ್ಗಪ್ಪ. ಮೂವತ್ತೊಂದು ವರ್ಷದ ಹಿಂದೆ ಊರು ಇಲ್ಲಿಗೆ ಮುಗಿದುಹೋಗುತ್ತಿತ್ತು. ಎರಡನೇ ಹಂತದ ಬಡಾವಣೆ ಎಂದು ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳಿದ್ದದ್ದು ಹದಿನಾಲ್ಕು. ಬಸ್ಸು ಇಲ್ಲಿಯವರೆಗೆ ಬಂದು ತಿರುಗಿಕೊಂಡು ಹೋಗುತ್ತಿತ್ತು. ಬಸ್ಸು ತಿರುಗುವ ಕಡೆ ಜನ ಇಳಿಯಲೇಬೇಕು, ಇಳಿದವರಿಗೆ ಏನಾದರೂ ಬೇಕಾಗಲೇಬೇಕು ಎಂದು ದುಗ್ಗಪ್ಪನ ತರ್ಕ. ಯಾವುದೋ ಸ್ಕೂಲಿನ ಕೆಲಸದಲ್ಲಿ ಉಳಿದ ಹಸಿರು ಪೇಂಟು ಅವನ ಹತ್ತಿರ ಇತ್ತು, ಒಂಬತ್ತು ಶಟರಿಗೂ ಅದನ್ನೇ ಬಳಿಸಿದ. ಬೋರ್ಡು ಬರೆಯುವವನು ದೊಡ್ಡ ದೊಡ್ಡ ಅಕ್ಷರದಲ್ಲಿ ಶುರುಮಾಡಿ, 'ದುಗ್ಗಪ್ಪ ಕಾಂಪ್ಲೆ' ಎನ್ನುವಷ್ಟರಲ್ಲಿ ಹಲಗೆ ಮುಗಿದು, ಉಳಿದ 'ಕ್ಸ್' ಅನ್ನು ಕೆಳಗೆ ಮೂಲೆಯಲ್ಲಿ ಚಿಕ್ಕದಾಗಿ ತುರುಕಿದ. ಎರಡು ಮಳೆಗಾಲಕ್ಕೆ ಆ ಕ್ಸ್ ಅಳಿಸಿಹೋಯಿತು. ಇವತ್ತಿಗೂ ಬಡಾವಣೆಯವರು ಕಂಡಕ್ಟರಿಗೆ ಹೇಳುವುದು, ಕಾಂಪ್ಲೆ ಹತ್ತಿರ ನಿಲ್ಲಿಸಿ ಎಂದೇ. ನಾನೂ ಇನ್ನು ಮುಂದೆ ಹಾಗೇ ಹೇಳುತ್ತೇನೆ, ನನಗೂ ಬಾಯಿಗೆ ಅದೇ ಸಲೀಸು.

ಉದ್ಘಾಟನೆಯ ದಿನ ಪೂಜೆಗೆ ಬಂದ ಪುರೋಹಿತರು ಒಂದನೇ ಅಂಗಡಿಯಲ್ಲಿ ಕನ್ನಡಕದ ಡಬ್ಬಿ ಬಿಟ್ಟು ಹೋದರು. ಕನ್ನಡಕ ಮೂಗಿನ ಮೇಲೇ ಇದ್ದದ್ದರಿಂದ ಡಬ್ಬಿಯ ನೆನಪು ಅವರಿಗೆ ಬರಲೇ ಇಲ್ಲ. ಆ ಡಬ್ಬಿ ದಿನಕ್ಕೊಂದು ಅಂಗಡಿಯಂತೆ ನಮ್ಮೆಲ್ಲರ ಮನೆ ಊಟ ಮಾಡಿಕೊಂಡು ಒಂಬತ್ತರವರೆಗೆ ಹೋಗಿ, ಮಾರನೆಯ ದಿನ ಮಾಯವಾಯಿತು. ನೆಲ ಇಳಿಜಾರಾಗಿದೆಯೇನೋ ಎಂದು ದುಗ್ಗಪ್ಪ ನೀರಿನ ಟ್ಯೂಬು ಹಿಡಿಸಿ ಲೆವೆಲ್ ನೋಡಿಸಿದ. ನೆಲ ಸರಿಯಾಗಿಯೇ ಇತ್ತು. ಆಮೇಲೆ ಅವನೂ ಆ ಮಾತು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಬಾಗಿಲು ತೆರೆದ ಮೇಲೆ ವ್ಯಾಪಾರ ನೋಡಬೇಕಲ್ಲ.

ನನ್ನ ಹೆಸರು ಅಶ್ವತ್ಥ ಶೆಟ್ಟಿ. ಐದನೇ ನಂಬರಿನ ಮ್ಯಾಚಿಂಗ್ ಸೆಂಟರ್ ನನ್ನದು. ಸೀರೆಗೆ ಹೊಂದುವ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು, ಲಂಗದ ಬಟ್ಟೆ, ಇಷ್ಟೇ. ಆದರೆ ಬಣ್ಣದ ವಿಷಯದಲ್ಲಿ ನನ್ನ ಮುಂದೆ ಯಾರೂ ಬಾಯಿ ಬಿಡುವಂತಿಲ್ಲ ಎಂಬ ಜಂಬ ನನಗಿತ್ತು, ಈಗಲೂ ಅಷ್ಟಿಷ್ಟು ಇದೆ. ಹೆಂಗಸರು ಬಂದು ಹಸಿರು ಎನ್ನುತ್ತಾರೆ. ಗಿಳಿಹಸಿರೋ, ಎಲೆಹಸಿರೋ, ಪಾಚಿಯೋ, ಮೆಂತ್ಯದ ಸೊಪ್ಪೋ ಎಂದು ಕೇಳಿದರೆ ಅವರೇ ತಬ್ಬಿಬ್ಬಾಗುತ್ತಾರೆ. ಸೀರೆಯ ಸೆರಗನ್ನು ಬಾಗಿಲ ಹೊರಗೆ ಹಗಲ ಬೆಳಕಿಗೆ ಹಿಡಿದು ಒಂದು ಸಲ ನೋಡಿದರೆ ಸಾಕು, ಒಳಗೆ ಹೋಗಿ ಕಣ್ಣು ಮುಚ್ಚಿಕೊಂಡು ಪೀಸು ಎಳೆಯುತ್ತಿದ್ದೆ.

ಕಾಂಪ್ಲೆಯ ಕಾಟಕ್ಕೆ ನಾವೆಲ್ಲ ಹೊಂದಿಕೊಂಡದ್ದು ಹೀಗೆ. ದಿನಸಿ ಅಂಗಡಿಯ ಗೋಡೆಗೆ ಒಂದು ಕರಿಹಲಗೆ ಹಾಕಿದೆವು. ಯಾವ ಅಂಗಡಿಯಲ್ಲಿ ಏನು ಬಂದಿದೆ ಎಂದು ಬೆಳಿಗ್ಗೆ ಬರೆಯುವುದು. ಟಿಫಿನ್ ಡಬ್ಬಿ ಆರು, ಮಗುವಿನ ಒಂದು ಬೂಟು ಮೂರು, ಹಲ್ಲಿನ ಸೆಟ್ಟು ಏಳು. ಏಳು ದಾಟಿದ್ದರ ಮುಂದೆ ಒಂದು ಗೆರೆ. ಗೆರೆ ಬಿದ್ದ ಮೇಲೆ ಜವಾಬ್ದಾರಿ ಒಂಬತ್ತನೇ ಅಂಗಡಿಯ ದೇವೀರಮ್ಮನದು. ಅವಳದು ಹಿಟ್ಟಿನ ಮಿಲ್ಲು. ದಿನವಿಡೀ ಮಿಷನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಂಟಲು ಗಟ್ಟಿಯಾಗಿತ್ತು. ಬಾಗಿಲಲ್ಲಿ ನಿಂತು, "ಮೇಷ್ಟ್ರ ಮನೆಯೋರೇ, ನಿಮ್ ಹಲ್ಲು ಎಂಟಕ್ ಬಂದದೆ" ಎಂದು ಒಂದು ಕೂಗು ಹಾಕಿದರೆ ಮೂರನೇ ಅಡ್ಡರಸ್ತೆಯವರೆಗೆ ಕೇಳಿಸುತ್ತಿತ್ತು. ನೆನಪು ಮಾಡಿಕೊಡುವುದು ನಮ್ಮ ಧರ್ಮ ಎಂದು ಅವಳು ಹೇಳುತ್ತಿದ್ದಳು. ತನ್ನ ಅಂಗಡಿ ದಾಟಿಹೋದ ಸಾಮಾನು ಎಷ್ಟು ಎಂದು ಅವಳನ್ನು ಕೇಳಿದರೆ ಬೆರಳು ಮಡಿಸಿ ಹೇಳುತ್ತಿದ್ದಳು, ಎರಡು ಕೈ ಸಾಕಾಗುತ್ತಿತ್ತು.

ಬಡಾವಣೆಯ ಮಾತಿನಲ್ಲೂ ಅದು ಸೇರಿಕೊಂಡಿತು. ಮದುವೆಯಾಗಿ ದೂರ ಹೋದ ಮಗಳು ಫೋನ್ ಮಾಡದಿದ್ದರೆ ತಾಯಂದಿರು, ನಾವೀಗ ಎಂಟಕ್ಕೆ ಬಂದಿದ್ದೀವೇನಮ್ಮ ಎಂದು ಕೇಳುತ್ತಾರೆ. ಸ್ಕೂಲು ಮಕ್ಕಳು ಕೆಟ್ಟ ಅಂಕದ ಪಟ್ಟಿಯನ್ನು ಒಂದನೇ ಅಂಗಡಿಯಲ್ಲಿ ಬಿಟ್ಟುಹೋಗುತ್ತಿದ್ದರು, ಹೇಗೂ ಒಂಬತ್ತು ದಾಟಿ ಹೋಗುತ್ತದೆ ಎಂದು. ಅಂಕಪಟ್ಟಿಯನ್ನು ಮರೆಯಲು ಯಾರಿಂದ ಸಾಧ್ಯ? ಒಂದೂ ಕದಲುತ್ತಿರಲಿಲ್ಲ. ಕಾಲೇಜಿನ ಹುಡುಗಿಯರು ತಮ್ಮ ಜೊತೆಗಾರನ ಕರ್ಚೀಫನ್ನು ಅವನ ಕೈಯಿಂದಲೇ ಬೇಕರಿಯಲ್ಲಿ ಬಿಡಿಸಿ, ಮರುದಿನ ಬಂದು ನೋಡುತ್ತಿದ್ದರು. ಎರಡರಲ್ಲೇ ಇದ್ದರೆ ಹುಡುಗ ಗಟ್ಟಿ. ಮೂರಕ್ಕೆ ಹೋಗಿದ್ದರೆ ಅವನಿಗೆ ಆವತ್ತು ಗ್ರಹಚಾರ. ಕದಲದೆ ಇದ್ದದ್ದು ಪ್ರೀತಿ, ಕದಲಿದ್ದು ಅಸಡ್ಡೆ. ಇದರಲ್ಲಿ ಎರಡನೇ ಮಾತೇ ಇಲ್ಲ ಎಂದು ನಾವೆಲ್ಲ ನಂಬಿದ್ದೆವು. ಎಲ್ಲರಿಗಿಂತ ಹೆಚ್ಚಾಗಿ ನಾನು.

ಯಾಕೆಂದರೆ ನನ್ನ ಹತ್ತಿರ ಒಂದು ಸೀರೆ ಇತ್ತು.

ಇಪ್ಪತ್ತನಾಲ್ಕು ವರ್ಷದ ಹಿಂದೆ ವನಮಾಲ ಎಂಬ ಹುಡುಗಿ ಅದನ್ನು ತಂದಳು. ಬರುವ ಭಾನುವಾರ ನಿಶ್ಚಿತಾರ್ಥ, ಗಂಡಿನ ಕಡೆಯವರು ಮೊದಲೇ ಕಳಿಸಿದ ಸೀರೆ. ಬೆಳಕಿಗೆ ಹಿಡಿದೆ. ನನಗೆ ಬೆವರು ಬಂತು. ಬದನೆಕಾಯಿ ಎನ್ನೋಣವೆಂದರೆ ಕೆಂಪು ಮೇಲೆ ಬರುತ್ತಿತ್ತು, ವೈನ್ ಎನ್ನೋಣವೆಂದರೆ ನೀಲಿ ಇಣುಕುತ್ತಿತ್ತು. ಅಂಗಡಿಯ ಪೀಸುಗಳನ್ನೆಲ್ಲ ಕೆಳಗಿಳಿಸಿದೆ, ಯಾವುದೂ ಒಪ್ಪಲಿಲ್ಲ. ಸೀರೆ ಬಿಟ್ಟುಹೋಗಿ, ಪೇಟೆಯಿಂದ ತರಿಸಿಡುತ್ತೇನೆ, ಗುರುವಾರ ಬನ್ನಿ ಎಂದೆ. "ಜೋಪಾನವಾಗಿಡಿ, ಬಂದು ತಗೋತೀನಿ" ಎಂದು ಹೇಳಿ, ಬಾಗಿಲಿನವರೆಗೆ ಹೋಗಿ, ಮತ್ತೆ ತಿರುಗಿ ಸೀರೆಯನ್ನು ಒಂದು ಸಲ ನೋಡಿ ಹೋದಳು. ಬುಧವಾರ ಗಂಡಿನವರು ಬೇರೆ ಕಡೆ ಮಾತಾಗಿದೆ ಎಂದು ಹೇಳಿ ಕಳಿಸಿದರಂತೆ. ಬೇಕರಿಯಲ್ಲಿ ಸುದ್ದಿ ಕೇಳಿದೆ. ಗುರುವಾರ ಅವಳು ಬರಲಿಲ್ಲ. ಅವಳು ಮತ್ತೆ ಬರಲೇ ಇಲ್ಲ.

ಸೀರೆ ಮಾತ್ರ ಕದಲಲಿಲ್ಲ. ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದೆ. ಒಂದು ವಾರ ಹೋಯಿತು, ವರ್ಷ ಹೋಯಿತು, ಬೆಳಿಗ್ಗೆ ಶಟರ್ ಎತ್ತಿ ಮೊದಲು ನೋಡುವುದು ಅದನ್ನೇ. ಇದೆ. ಅಂದರೆ ನಿನ್ನೆಯ ದಿನ ಎಲ್ಲೋ ಒಬ್ಬಳು ಇದನ್ನು ನೆನೆಸಿಕೊಂಡಿದ್ದಾಳೆ. ಸೀರೆ ನೆನೆದರೆ ಅಂಗಡಿ ನೆನಪಾಗದೆ ಇರುತ್ತದೆಯೇ, ಅಂಗಡಿ ನೆನೆದರೆ ಶೆಟ್ಟಿ ನೆನಪಾಗದೆ ಇರುತ್ತಾನೆಯೇ? ಹೀಗೆ ನನ್ನ ಯೋಚನೆ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದಿನಕ್ಕೊಂದು ಸಲ ಯಾರೋ ನಮ್ಮ ಬಾಗಿಲನ್ನು ನೆನೆಯುತ್ತಾರೆ ಎಂದರೆ ಶಟರ್ ಎತ್ತುವ ಕೈಗೆ ಒಂದು ಬಲ, ಅಷ್ಟೇ.

ನನ್ನ ಹೆಂಡತಿ ಪ್ರಭಾವತಿ ಆ ಸೀರೆಗೆ ಇಟ್ಟ ಹೆಸರು ಸವತಿ. ಉದ್ಘಾಟನೆಯ ದಿನ ಅಂಗಡಿಗೆ ಬಂದು ಪೂಜೆಗೆ ಕೂತವಳು ಆಮೇಲೆ ಆ ಕಡೆ ಬಂದದ್ದು ಕಡಿಮೆ. ಆದರೆ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ತಟ್ಟೆ ಇಡುವ ಮೊದಲೇ ಕೇಳುತ್ತಿದ್ದಳು, "ನನ್ ಸವತಿ ಹೇಗಿದಾಳೆ?" ಚೆನ್ನಾಗಿದ್ದಾಳೆ ಎಂದರೆ, "ನಂಗಿಂತ ಅವಳ ಮುಖಾನೇ ನೀವು ಜಾಸ್ತಿ ನೋಡೋದು" ಎಂದು ಹುಳಿ ಬಡಿಸುತ್ತಿದ್ದಳು. ನಾನು ನಗುತ್ತಿದ್ದೆ.

ಈ ನಡುವೆ ಕಾಂಪ್ಲೆಗೆ ವಯಸ್ಸಾಯಿತು. ಬಸ್ಸು ನಮ್ಮನ್ನು ದಾಟಿ ಮುಂದೆ ಮುಂದೆ ಹೋಗಿ ತಿರುಗಲು ಶುರುಮಾಡಿತು. ವರ್ತುಲ ರಸ್ತೆಯಲ್ಲಿ ದೊಡ್ಡ ಮಾಲ್ ಬಂತು, ಮೆಟ್ಟಿಲೇ ಜನರನ್ನು ಮೇಲಕ್ಕೆ ಒಯ್ಯುತ್ತದಂತೆ, ಬೇಕರಿಯವರು ಅಲ್ಲಿಗೆ ಹೋದರು. ನಾಲ್ಕರ ಎಸ್‌ಟಿಡಿ ಬೂತು ಮೊಬೈಲ್ ರಿಪೇರಿಯಾಯಿತು, ಎಂಟರ ಕ್ಲಿನಿಕ್ಕು ಜೆರಾಕ್ಸ್ ಆಯಿತು. ಏಳರ ಟೈಪಿಂಗ್ ಇನ್ಸ್ಟಿಟ್ಯೂಟು ಮುಚ್ಚಿ ಮೂರು ವರ್ಷ, ಶಟರಿಗೆ ಬೀಗ, ಬೀಗಕ್ಕೆ ತುಕ್ಕು. ಮರೆತ ಸಾಮಾನು ಏಳರಲ್ಲಿ ಇರುವ ದಿನ ಯಾರ ಕೈಗೂ ಸಿಗುವುದಿಲ್ಲ. ದುಗ್ಗಪ್ಪ ಹೋದ ಮೇಲೆ ಅವನ ಮಗಳು ಟೇಪು ಹಿಡಿದವರನ್ನು ಕರೆದುಕೊಂಡು ಬಂದು ಜಗಲಿ ಅಳೆಸಿದಳು. ಆಷಾಢ ಕಳೆಯಲಿ, ಕೆಡವಿ ಹೊಸದು ಕಟ್ಟೋಣ ಎಂದು ಮೂರು ಆಷಾಢದಿಂದ ಹೇಳುತ್ತಿದ್ದಾಳೆ. ಬಂದುಹೋಗುವ ಜನ ಕಡಿಮೆಯಾದಷ್ಟೂ ನಾನು ಆ ಸೀರೆಯನ್ನು ಹೆಚ್ಚು ಹೆಚ್ಚು ನೋಡತೊಡಗಿದೆ. ಕರಿಹಲಗೆಯ ಮೇಲೆ ಎಷ್ಟೋ ದಿನ ಏನೂ ಇರುತ್ತಿರಲಿಲ್ಲ, ಮರೆಯುವುದಕ್ಕಾದರೂ ಜನ ಬರಬೇಕಲ್ಲ.

ಹೋದ ತಿಂಗಳು ಒಂದು ಬುಧವಾರ ಶಟರ್ ಎತ್ತಿ ಮೇಲೆ ನೋಡಿದೆ. ಸೀರೆ ಇರಲಿಲ್ಲ.

ನಿಂತಲ್ಲೇ ನಿಂತಿದ್ದೆ. ಪಕ್ಕದಿಂದ ಸಲೂನಿನ ಚಿಕ್ಕಣ್ಣ ಬಂದ, ಎರಡೂ ಕೈಯಲ್ಲಿ ಬಿಳಿ ಗಂಟನ್ನು ಹಿಡಿದುಕೊಂಡು. ಇಪ್ಪತ್ತನಾಲ್ಕು ವರ್ಷ ಅದರ ಕಥೆ ಕೇಳಿಸಿಕೊಂಡವನು ಅವನು. "ಶೆಟ್ರೇ, ಬಂದ್ ಕುರ್ಚಿ ಮೇಲೆ ಕೂತಿತ್ತು" ಎಂದ. ಕ್ಷೌರಕ್ಕೆ ಬಂದವರ ಹಾಗೆ ಎಂದು ಸೇರಿಸಲು ಹೊರಟವನು ನನ್ನ ಮುಖ ನೋಡಿ ಗಂಟನ್ನು ನನ್ನ ಕೈಗಿಟ್ಟ. ನಾನು ಅದನ್ನು ಮತ್ತೆ ನನ್ನ ಅರೆಯಲ್ಲೇ ಇಟ್ಟೆ. ಹಿಂದಕ್ಕೆ ತಂದಿಟ್ಟರೂ ಅದರ ಲೆಕ್ಕ ಮುಂದಕ್ಕೇ ನಡೆಯುತ್ತದೆ ಎಂದು ಗೊತ್ತಿದ್ದೂ ಇಟ್ಟೆ. ಹಿಂದೊಮ್ಮೆ ಚಿಕ್ಕಣ್ಣನೇ ಯಾರದೋ ಛತ್ರಿಯನ್ನು ಕುರ್ಚಿಗೆ ಸರಪಳಿ ಹಾಕಿ ಬೀಗ ಜಡಿದಿದ್ದ. ಬೆಳಿಗ್ಗೆ ನೋಡಿದರೆ ಛತ್ರಿಯ ಜೊತೆ ಸರಪಳಿಯೂ ಏಳಕ್ಕೆ ಹೋಗಿತ್ತು. ಸರಪಳಿ ಹಾಕಿದ್ದನ್ನು ಅವನೇ ಮರೆತಿದ್ದ.

ಆರು ಆಯಿತು. ಇನ್ನು ಏಳು, ಎಂಟು, ಒಂಬತ್ತು. ಭಾನುವಾರ ಬೆಳಿಗ್ಗೆಗೆ ಇರುವುದಿಲ್ಲ. ಅವಳು ಸತ್ತೇಹೋದಳೇನೋ ಎಂದು ಮೊದಲು ಅನ್ನಿಸಿತು. ಕಾಲು ತಾನಾಗಿ ನನ್ನನ್ನು ಒಂಬತ್ತನೇ ಅಂಗಡಿಗೆ ಎಳೆದೊಯ್ದಿತು.

"ವನಮಾಲನಾ? ಬಂಗಾರದಂಗವಳೆ" ಎಂದು ದೇವೀರಮ್ಮ ಮಿಷನ್ನಿನ ಮೇಲಿಂದ ಕೂಗಿದಳು. ತಲೆ, ಹುಬ್ಬು, ರೆಪ್ಪೆ ಎಲ್ಲ ಹಿಟ್ಟು. "ಅವಳ ಅಕ್ಕ ಲೀಲಕ್ಕ ಇವತ್ತಿಗೂ ಹುಳಿಪುಡಿ ನನ್ನತ್ರನೇ ಬೀಸಿಸ್ಕೊಂಡೋಗದು. ಅಕ್ಕತಂಗೇರು ಇಬ್ರೇ, ನೀರಿನ ಟ್ಯಾಂಕ್ ಎದುರುಗಡೆ ಸಂದೀಲಿ ಮೂರನೇ ಮನೆ, ನೀಲಿ ಗೇಟು. ಹೋಗಿ ಒಂದ್ ಮಾತು ಹೇಳ್ ಬನ್ನಿ. ಇಪ್ಪತ್ನಾಕು ವರ್ಸದ್ದು ನನ್ ಅಂಗ್ಡಿ ದಾಟಿ ಹೋಯ್ತು ಅನ್ನಿಸ್ಕೊಳಕ್ಕೆ ನಾನ್ ತಯಾರಿಲ್ಲ."

ಗುರುವಾರ ಬೆಳಿಗ್ಗೆ ಸೀರೆ ಏಳರೊಳಗೆ ಸೇರಿತ್ತು. ತುಕ್ಕು ಹಿಡಿದ ಶಟರಿನ ತೂತಿಗೆ ಕಣ್ಣಿಟ್ಟು ನೋಡಿದೆ. ಕತ್ತಲೆಯಲ್ಲಿ, ಹಳೆಯ ಟೈಪ್‌ರೈಟರಿನ ಮೇಲೆ ಬೆಳ್ಳಗೆ ಏನೋ ಕಂಡಿತು. ನನಗೆ ತಡೆಯಲಾಗಲಿಲ್ಲ. ಅಂಗಡಿ ಅರ್ಧ ಮುಚ್ಚಿ ಹೊರಟೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಮ್ಮಾ, ನಿಮ್ಮದೊಂದು ಸೀರೆ ನಮ್ಮಲ್ಲಿದೆ, ತಗೊಂಡು ಹೋಗದಿದ್ದರೂ ಚಿಂತೆಯಿಲ್ಲ, ದಿನಾ ಒಂದು ಸಲ ನೆನೆಸಿಕೊಂಡರೆ ಸಾಕು. ಹೀಗೆ ಕೇಳುವುದು ಸರಿಯಾಗಿ ಕಾಣುತ್ತದೆಯೇ ಎಂದು ಯೋಚಿಸುತ್ತಾ ನೀರಿನ ಟ್ಯಾಂಕಿನ ಸಂದಿಗೆ ತಿರುಗಿದೆನೋ ಇಲ್ಲವೋ, ಎದುರಿನಿಂದ ಒಂದು ಕೆಂಪು ಸ್ಕೂಟರು ಹಾವಿನ ಹಾಗೆ ಓಲಾಡಿಕೊಂಡು ನನ್ನ ಮೇಲೇ ಬಂತು. ಓಡಿಸುತ್ತಿದ್ದವಳು ನಲವತ್ತೇಳು ನಲವತ್ತೆಂಟರ ಹೆಂಗಸು, ಚೂಡಿದಾರ, ಕಾಲಿಗೆ ಮಗನಿದ್ದರೆ ಅವನಿಗಾಗುವಂಥ ಬೂಟು. ಹಿಂದೆ ಪಕ್ಕದ ಮನೆಯ ಹುಡುಗಿಯೊಬ್ಬಳು ಸೀಟು ಹಿಡಿದುಕೊಂಡು ಓಡಿಬರುತ್ತಿದ್ದಳು. ನಾನು ಗೋಡೆಗೆ ಅಂಟಿಕೊಂಡೆ. ಸ್ಕೂಟರು ಎರಡೂ ಕಾಲನ್ನು ನೆಲಕ್ಕೆ ಉಜ್ಜುತ್ತಾ ನನ್ನ ಹೊಟ್ಟೆಗೆ ಒಂದು ಗೇಣು ದೂರದಲ್ಲಿ ನಿಂತಿತು.

"ತಪ್ಪಾಯ್ತು ಸಾರ್, ಬ್ರೇಕು ಯಾವ್ ಕೈಯಲ್ಲಿ ಅನ್ನೋದೇ ಮರ್ತೋಗುತ್ತೆ" ಎಂದು ಅವಳು ಏದುಸಿರು ಬಿಡುತ್ತಾ ನಕ್ಕಳು. ಬೆವರಿನಲ್ಲಿ ತೊಯ್ದ ಮುಖ. ಮೊಣಕೈಗೆ ತರಚು ಗಾಯ, ಅದರ ಮೇಲೆ ಅರಿಶಿನ. ವನಮಾಲ. ಬಾಗಿಲಲ್ಲಿ ತಿರುಗಿ ನೋಡಿದ ಆ ಕಣ್ಣುಗಳು ನನಗೆ ಗೊತ್ತಾಗದೆ ಇರುತ್ತವೆಯೇ. "ಆದ್ರೆ ಇವತ್ತು ಟ್ಯಾಂಕಿನ್ ತನಕ ಕಾಲು ಊರಲೇ ಇಲ್ಲ ನಾನು, ಕೇಳಿ ಬೇಕಾದ್ರೆ ಇವಳನ್ನ."

ಹುಡುಗಿ ಹೌದೆಂದು ತಲೆಯಾಡಿಸಿದಳು. ನೀಲಿ ಗೇಟಿನ ಒಳಗೆ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ ಹಿರಿಯ ಹೆಂಗಸು ನನ್ನನ್ನು ಒಳಕ್ಕೆ ಕರೆದು ಕೂರಿಸಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಅವಳೇ ಲೀಲಕ್ಕ ಎಂದುಕೊಂಡೆ. ಸ್ಕೂಟರು ಮತ್ತೆ ಗುರ್ ಎಂದು ಹೊರಟಿತು.

"ಐದು ದಿನದಿಂದ ಇದೇ ಹುಚ್ಚು" ಎಂದಳು ಲೀಲಕ್ಕ, ರಸ್ತೆಯ ಕಡೆ ನೋಡುತ್ತಾ. "ಊಟ ಮಾಡೋವಾಗ್ಲೂ ಗಾಡಿ ಮಾತು, ತರಕಾರಿ ಹೆಚ್ಚೋವಾಗ್ಲೂ ಗಾಡಿ ಮಾತು. ಮಾಡ್ಲಿ ಬಿಡಿ. ಅವಳಿಗೊಂದು ಹಳೇ ಸಂಕಟ ಇತ್ತು. ಯಾವ್ದೋ ಒಂದು ಸೀರೆ ವಿಷಯ. ಬೆಳಿಗ್ಗೆ ಎದ್ದು ಮುಖ ತೊಳ್ಕೊಳ್ಳೋಕೆ ಮುಂಚೆ ಅದು ನೆನಪಾಗಿ, ಗೋಡೆ ಕಡೆ ತಿರುಗಿ ಕಣ್ಣೊರೆಸ್ಕೊಂಡು ಆಮೇಲೇ ಏಳೋಳು. ಒಂದು ದಿನ ತಪ್ಪಿಸ್ಲಿಲ್ಲ. ನಾನೇನು ಮಾಡ್ಲಿ, ನಿದ್ದೆ ಬಂದೋಳ ಹಾಗೆ ಮಲಗಿರ್ತಿದ್ದೆ. ಮೊನ್ನೆ ಮಂಗಳವಾರ ಎದ್ದವಳೇ ನೇರ ಗಾಡಿ ಒರೆಸೋಕೆ ಹೋದ್ಲು. ನಿನ್ನೆನೂ ಹಾಗೇ. ಇವತ್ತೂ."

ಮಜ್ಜಿಗೆ ನನ್ನ ಕೈಯಲ್ಲೇ ಇತ್ತು. ಇಪ್ಪತ್ತನಾಲ್ಕು ವರ್ಷ ಬೆಳಿಗ್ಗೆ ಬೆಳಿಗ್ಗೆ ನಾನು ಶಟರ್ ಎತ್ತಿ, ಸೀರೆ ಇದೆ ಎಂದು ಹಿಗ್ಗುತ್ತಿದ್ದೆ. ಅದು ಇದ್ದದ್ದು ಅವಳು ಗೋಡೆಯ ಕಡೆ ತಿರುಗಿ ಅತ್ತದ್ದಕ್ಕೆ. ನನ್ನ ಶೆಟ್ಟಿಗಿರಿ, ನನ್ನ ಅಂಗಡಿಯ ಗೌರವ ಎಂದುಕೊಂಡದ್ದೆಲ್ಲ ಅದು. ನನಗೆ ನನ್ನ ಮೇಲೇ ನಾಚಿಕೆಯಾಯಿತು. ಬಣ್ಣ ನೋಡುವುದಿರಲಿ, ಎದುರಿಗಿದ್ದದ್ದನ್ನೇ ನಾನು ನೋಡಿರಲಿಲ್ಲ.

ಸ್ಕೂಟರು ಒಂದು ಸುತ್ತು ಮುಗಿಸಿ ಗೇಟಿನ ಹತ್ತಿರ ನಿಂತಿತು. ವನಮಾಲ ಇಳಿದು ಒಳಗೆ ಬಂದು ಸೊಂಟಕ್ಕೆ ಕೈಕೊಟ್ಟುಕೊಂಡು ನನ್ನನ್ನು ನೋಡಿದಳು. "ಯಾರ ಮನೆ ಬೇಕಿತ್ತು ಸಾರ್ ನಿಮಗೆ? ನಿಮ್ಮನ್ನ ಎಲ್ಲೋ ನೋಡಿದೀನಿ."

ಒಂದೇ ಒಂದು ಮಾತು ಸಾಕಿತ್ತು. ಮ್ಯಾಚಿಂಗ್ ಎಂದರೆ ಸಾಕು, ಸೀರೆ ಏಳರಲ್ಲೇ ನಿಲ್ಲುತ್ತಿತ್ತು. ನನ್ನ ಆಯುಷ್ಯ ಇರುವವರೆಗೂ ನಿಂತಿರುತ್ತಿತ್ತೇನೋ.

"ನನ್ನ ಮುಖವೇ ಹಾಗಮ್ಮ, ಎಲ್ಲರಿಗೂ ಎಲ್ಲೋ ನೋಡಿದ ಹಾಗಿರುತ್ತೆ" ಎಂದೆ. "ಪೋಸ್ಟ್ ಮಾಸ್ಟರ್ ನಂಜುಂಡಯ್ಯನೋರ ಮನೆ ಹುಡುಕ್ತಾ ಇದ್ದೆ."

"ಆ ಹೆಸರಿನೋರು ಈ ಸಂದೀಲಿ ಇಲ್ವಲ್ಲ."

"ಹಾಗಾದ್ರೆ ವಿಳಾಸ ತಪ್ಪಿರ್ಬೇಕು."

ಮಜ್ಜಿಗೆ ಕುಡಿದು ಎದ್ದೆ. ವನಮಾಲ ಆಗಲೇ ಮತ್ತೆ ಗಾಡಿಯ ಹತ್ತಿರ ಹೋಗಿದ್ದಳು. ಗೇಟು ತೆಗೆಯಲು ಬಂದ ಲೀಲಕ್ಕ ನನ್ನ ಕೈಯಿಂದ ಲೋಟ ತೆಗೆದುಕೊಂಡು, ದನಿ ತಗ್ಗಿಸಿ, "ದೊಡ್ಡ ಉಪಕಾರ ಆಯ್ತು. ನಿಧಾನವಾಗಿ ಹೋಗಿ ಶೆಟ್ರೇ" ಎಂದಳು. ನನ್ನ ಹೆಸರನ್ನು ನಾನು ಅವಳಿಗೆ ಹೇಳಿರಲಿಲ್ಲ.

ಹೇಳಿದ್ರಾ ಎಂದು ದೇವೀರಮ್ಮ ಸಂಜೆ ಕೇಳಿದಳು. ಹೇಳಿದೆ ಎಂದೆ. ನಮ್ಮ ಕಾಂಪ್ಲೆಯಲ್ಲಿ ಸುಳ್ಳು ಒಂದು ದಿನದ ಮಟ್ಟಿಗೆ ನಡೆಯುತ್ತದೆ. ಶುಕ್ರವಾರ ಬೆಳಿಗ್ಗೆ ಸೀರೆ ಎಂಟರಲ್ಲಿ ಜೆರಾಕ್ಸ್ ಮಿಷನ್ನಿನ ಮೇಲೆ ಕೂತಿತ್ತು. ದೇವೀರಮ್ಮ ನನ್ನ ಕಡೆ ನೋಡಿದಳು, ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಅದು ಕೂಗಿದ್ದಕ್ಕಿಂತ ಜೋರು. ಆ ದಿನ ನಾನು ಗಟ್ಟಿಯಾಗಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ಸಲ ಆ ಸಂದಿಯ ದಾರಿ ಹಿಡಿದೆ, ಮೂರು ಸಲವೂ ಬಸ್ ಸ್ಟಾಪಿನವರೆಗೆ ಹೋಗಿ ವಾಪಸ್ಸು ಬಂದೆ. ಬರಿದಾದ ಅರೆಯನ್ನು ನೋಡಲಾಗದೆ ಮೊದಲ ಸಲ ರಸ್ತೆಯ ಕಡೆ ಮುಖ ಮಾಡಿ ಕೂತೆ.

ಶನಿವಾರ ಸೀರೆ ಒಂಬತ್ತಕ್ಕೆ ಬಂತು. ನಾನು ಹೋದಾಗ ಮಿಷನ್ ಓಡುತ್ತಿತ್ತು. "ಯಾಕ್ ಹೇಳ್ನಿಲ್ಲ ನೀವು?" ಎಂದು ದೇವೀರಮ್ಮ ಕೂಗಿದಳು. ನಾನು ಹೇಳತೊಡಗಿದೆ. ಅವಳು ಕಿವಿಗೆ ಕೈಹಿಡಿದು, ಏನೂ ಕೇಳ್ತಾ ಇಲ್ಲ ಎಂದಳು. ನಾನು ಮತ್ತೆ ಜೋರಾಗಿ ಹೇಳಲು ಹೋದೆ. ಒಬ್ಬ ಹೆಂಗಸು ಅತ್ತ ಕಥೆಯನ್ನು ಕೂಗಿ ಹೇಳಲು ನನ್ನಿಂದಾಗಲಿಲ್ಲ. ಆಗ ದೇವೀರಮ್ಮ ಕೈಚಾಚಿ ಮಿಷನ್ ಆರಿಸಿದಳು. ಸರದಿಯಲ್ಲಿ ಡಬ್ಬಗಳಿದ್ದೂ ಅವಳು ಮಿಷನ್ ನಿಲ್ಲಿಸಿದ್ದನ್ನು ನಾನು ಅಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಜಗಲಿಯೇ ತೆಪ್ಪಗಾಯಿತು. ನಾನು ಎಲ್ಲವನ್ನೂ ಹೇಳಿದೆ, ಗೋಡೆಯ ಕಡೆ ತಿರುಗುತ್ತಿದ್ದದ್ದು, ಸ್ಕೂಟರು, ಮಜ್ಜಿಗೆ.

ಅವಳು ರಾಗಿ ಮೂಟೆಯ ಮೇಲೆ ಕುಸಿದು ಕೂತಳು. "ಅಂಗಾರೆ ಇಷ್ಟ್ ವರ್ಸ ನಾನು ಕೂಗಿ ಕೂಗಿ ಯಾರ್ಯಾರ್ಗೆ ಏನೇನ್ ಗ್ಯಪ್ತಿ ಮಾಡ್ಬುಟ್ನೋ" ಎಂದಳು. ಅವಳ ದನಿ ಅಷ್ಟು ಸಣ್ಣಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

"ಛತ್ರಿ ಬೇರೆ, ಇದು ಬೇರೆ, ದೇವೀರಮ್ಮ" ಎಂದೆ.

"ಹಲ್ಲಿನ್ ಸೆಟ್ಟು?"

"ಹಲ್ಲಿಗೆ ಕೂಗಲೇಬೇಕು."

ಅವಳು ಎದ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡು ಗಂಟು ಬಿಚ್ಚಿದಳು. ಹಿಟ್ಟು ಬಿದ್ದಿತ್ತು. ಹಿಂಗೇ ಕಳ್ಸಕ್ಕಾಯ್ತದಾ ಎಂದು ಗೊಣಗುತ್ತಾ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಜಗಲಿಗೆ ತಂದು, ಬಿಸಿಲಿಗೆ ಹಿಡಿದು ಕೊಡವಿದೆವು. ಇಪ್ಪತ್ತನಾಲ್ಕು ವರ್ಷವಾದರೂ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಬದನೆಕಾಯಿಯೂ ಅಲ್ಲ, ವೈನೂ ಅಲ್ಲ. ಅದಕ್ಕೆ ಹೊಂದುವ ಪೀಸು ನನಗೆ ಕೊನೆಗೂ ಸಿಗಲಿಲ್ಲ. ಅಂಚಿಗೆ ಅಂಚು ಸೇರಿಸಿ ಮಡಿಸಿ, ಪಂಚೆಯಲ್ಲಿ ಸುತ್ತಿ, ಹಿಟ್ಟು ಬೀಳದ ಮೂಲೆಯಲ್ಲಿ ಇಟ್ಟೆವು.

ಭಾನುವಾರ ಬೆಳಿಗ್ಗೆ ಮೂವರೂ ಬಂದೆವು, ದೇವೀರಮ್ಮ, ಚಿಕ್ಕಣ್ಣ, ನಾನು. ಮೂಲೆ ಖಾಲಿಯಾಗಿತ್ತು. ಮೋರಿಯ ಆಚೆ ಹುಡುಕೋಣವೇ ಎಂದು ಯಾರೂ ಕೇಳಲಿಲ್ಲ. ಕರಿಹಲಗೆಯ ಮೇಲಿದ್ದ ಗೆರೆಯನ್ನು ಚಿಕ್ಕಣ್ಣ ಅಂಗೈಯಿಂದ ಒರೆಸಿದ.

ನಾನು ನನ್ನ ಅಂಗಡಿಗೆ ಬಂದೆ. ಕೂತರೆ ಮನಸ್ಸು ನಿಲ್ಲುವುದಿಲ್ಲ ಎಂದು ಒದ್ದೆ ಬಟ್ಟೆ ಹಿಡಿದು ಸ್ಟೂಲು ಹತ್ತಿ ಮೇಲಿನ ಅರೆ ಒರೆಸತೊಡಗಿದೆ. ಇಷ್ಟು ವರ್ಷ ಸೀರೆಯನ್ನು ಎತ್ತಿ, ಅದರಡಿ ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದೆನೇ ಹೊರತು ಅದರ ಹಿಂದಕ್ಕೆ ಕೈ ಹಾಕಿದವನಲ್ಲ. ಹಿಂದಿನ ಮೂಲೆಯಲ್ಲಿ ಕೈಗೆ ಏನೋ ತಣ್ಣಗೆ ತಗುಲಿತು. ತೆಗೆದು ನೋಡಿದೆ, ಬೆಳ್ಳಿಯ ಕುಂಕುಮದ ಭರಣಿ. ಕಪ್ಪು ಹಿಡಿದಿತ್ತು. ಒಳಗೆ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಪ್ರಭಾವತಿಗೆ ಅವಳ ತಾಯಿ ಕೊಟ್ಟ ಭರಣಿ. ಉದ್ಘಾಟನೆಯ ದಿನ ಪೂಜೆಗೆ ತಂದದ್ದು.

ಸ್ಟೂಲಿನ ಮೇಲೆ ನಿಂತೇ ಲೆಕ್ಕ ಹಾಕಿದೆ. ಮೂವತ್ತೊಂದು ವರ್ಷ. ಅಂಗಡಿ ಐದು. ಅದು ಒಂದು ದಿನವೂ ಆರಕ್ಕೆ ಹೋಗಿರಲಿಲ್ಲ.

ಊಟಕ್ಕೆ ಹೋದೆ. ತಟ್ಟೆ ಇಡುವ ಮುಂಚೆ ಎಂದಿನಂತೆ ಸವತಿಯ ಯೋಗಕ್ಷೇಮ ಕೇಳುತ್ತಾಳೆ ಎಂದುಕೊಂಡಿದ್ದೆ. ಚಿಕ್ಕಣ್ಣನ ಹೆಂಡತಿಯಿಂದ ಸುದ್ದಿ ಬಂದಿತ್ತೆಂದು ಕಾಣುತ್ತದೆ, ಕೇಳಲಿಲ್ಲ. ನನಗಿಷ್ಟವೆಂದು ಹೀರೇಕಾಯಿ ಬಜ್ಜಿ ಮಾಡಿದ್ದಳು. ಎರಡು ತುತ್ತಾದ ಮೇಲೆ ನಾನೇ ಹೇಳಿದೆ, "ನಿನ್ನ ಭರಣಿ ಸಿಕ್ತು."

"ಸಿಗೋದೇನು, ನಾನೇ ಇಟ್ಟಿದ್ದಲ್ವಾ" ಎಂದಳು. "ಮೇಲಿನ ಅರೇಲಿ, ಹಿಂದಿನ ಮೂಲೇಲಿ."

"ಇಷ್ಟು ವರ್ಷ ಒಂದು ಸಲ ಕೇಳ್ಲಿಲ್ವಲ್ಲ. ಮರೆತಿದ್ದೆ ಅನ್ನೋ ಹಾಗೂ ಇಲ್ಲ."

"ಮರೆಯೋದು ಹೇಗೆ? ನೀವು ಬೆಳಿಗ್ಗೆ ಚಪ್ಪಲಿ ಮೆಟ್ಕೊಂಡು ಗೇಟು ಹಾಕಿದ ತಕ್ಷಣ ಅದೇ ನೆನಪಾಗುತ್ತೆ. ಈಗ ಶಟರ್ ಎತ್ತಿದ್ರು, ಈಗ ಭರಣಿಗೆ ಬೆಳಕು ಬಿತ್ತು ಅಂತ." ಇನ್ನೆರಡು ಬಜ್ಜಿ ಹಾಕಿದಳು. "ತಂದುಬಿಟ್ರೆ ಆಮೇಲೆ ನಿಮ್ಮ ಅಂಗಡೀಲಿ ನಂದು ಅಂತ ಏನಿರುತ್ತೆ?"

ನೀರು ಕುಡಿಯುವ ನೆಪದಲ್ಲಿ ಲೋಟ ಎತ್ತಿಕೊಂಡೆ. ಅವಳು ಅದನ್ನೂ ನೋಡಿದಳು, ನೋಡದವಳ ಹಾಗೆ ಅನ್ನದ ಪಾತ್ರೆಯ ಮುಚ್ಚಳ ಹುಡುಕಿದಳು.

ಮೊನ್ನೆ ಮಧ್ಯಾಹ್ನ ಕಾಂಪ್ಲೆಯ ಮುಂದೆ ಒಂದು ಕೆಂಪು ಸ್ಕೂಟರು ಹೋಯಿತು. ಹಿಂದೆ ಹಿಡಿದುಕೊಂಡು ಓಡುವವರು ಯಾರೂ ಇರಲಿಲ್ಲ. ವನಮಾಲ ನೆಟ್ಟಗೆ ಕೂತು, ಕಾಲು ಒಳಗಿಟ್ಟುಕೊಂಡು, ಮುಂದಿನ ತಿರುವನ್ನೇ ನೋಡುತ್ತಾ ಹಾರ್ನ್ ಹಾಕಿಕೊಂಡು ಹೋದಳು. ನಮ್ಮ ಹಸಿರು ಶಟರುಗಳ ಕಡೆ ತಿರುಗಿಯೂ ನೋಡಲಿಲ್ಲ. ದೇವೀರಮ್ಮ ಬಾಗಿಲಿಗೆ ಬಂದವಳು ಕೂಗಲು ಬಾಯಿ ತೆರೆದು, ಕೂಗದೆ, ನನ್ನನ್ನು ನೋಡಿ ಒಳಗೆ ಹೋದಳು. ಆಷಾಢ ಮತ್ತೆ ಹತ್ತಿರ ಬರುತ್ತಿದೆ, ದುಗ್ಗಪ್ಪನ ಮಗಳು ಈ ಸಲವಾದರೂ ಕೆಡವುತ್ತಾಳೋ ಏನೋ. ನಾನು ಭರಣಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಹೊಸ ಕುಂಕುಮ ತುಂಬಿ, ಸೀರೆ ಇದ್ದ ಜಾಗಕ್ಕೆ ಮುಂದೆ ತಂದಿಟ್ಟಿದ್ದೇನೆ. ಬೆಳಿಗ್ಗೆ ಶಟರ್ ಎತ್ತಿದಾಗ ಮೊದಲು ನೋಡುತ್ತೇನೆ. ಐದರಲ್ಲೇ ಇದೆ.